ತೂತಿಲ್ಲದ ತಳಕ್ಕಾಗಿ ಒಂದು ಪಂಪು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಹೊನ್ನಾಳಿಗೆ ಮೊದಲು ಹೋದೆನೋ, ನ್ಯಾಮತಿಗೆ ಮೊದಲು ಹೋದೆನೋ ಎಂಬುದರಲ್ಲೇ ನನಗೂ ನನ್ನ ದಿನಚರಿಗೂ ಹೊಂದಿಕೆಯಿಲ್ಲ. ಆ ತಿಂಗಳುಗಳಲ್ಲಿ ನಾನು ದಿನಚರಿ ಬರೆದದ್ದು ಸಿಟ್ಟು ಬಂದ ದಿನ ಮಾತ್ರ. ಹಾಗಾಗಿ ಅದರಲ್ಲಿ ಬೈಗುಳ ಹೆಚ್ಚು, ಸಂಗತಿ ಕಡಿಮೆ. ಮಾತುಗಳನ್ನು ನೆನಪಿನಿಂದ ಬರೆಯುತ್ತಿದ್ದೇನೆ. ನನಗೆ ಆಗದವರ ಮಾತನ್ನು ಈ ನೆನಪು ಇನ್ನಷ್ಟು ಮಸೆದು ಚೂಪು ಮಾಡಿಟ್ಟಿದ್ದರೆ ಆಶ್ಚರ್ಯವಿಲ್ಲ. ಪಂಪುಗಳ ವಿಷಯದಲ್ಲಿ ಮಾತ್ರ ಅನುಮಾನ ಕಡಿಮೆ. ಕಬ್ಬಿಣದ ಮೇಲೆ ನನಗೆ ಹಗೆ ಇರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಚನ್ನಗಿರಿಯಲ್ಲಿ ಅಪ್ಪನೂ ಚಿಕ್ಕಪ್ಪನೂ ಕೂಡಿ ನಡೆಸುತ್ತಿದ್ದ ಮರಗೆಲಸದ ಶೆಡ್ಡು ನಮ್ಮ ಮನೆಯ ಹಿಂದೆಯೇ ಇತ್ತು. ಮರವನ್ನು ತಿರುಗಿಸಿ ಕಡೆಯುವ ಒಂದು ಲೇತು, ಒಂದು ಗರಗಸ. ಎರಡಕ್ಕೂ ಸೇರಿ ಒಂದೇ ಮೋಟಾರು. ಅದು ಗೋಡೆಗುಂಟ ಹಾಯ್ದ ಉದ್ದನೆಯ ಶಾಫ್ಟನ್ನು ತಿರುಗಿಸುತ್ತಿತ್ತು. ಶಾಫ್ಟಿನಿಂದ ಬೆಲ್ಟು ಇಳಿದು ಬೇಕಾದ ಮಿಷಿನ್ನು ಓಡುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅವರ ಪಾಲನ್ನು ನಾನು ನಡೆಸುತ್ತೇನೆ ಎಂದೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಗೆ ಬಂದಿದ್ದೆ.

"ಎಮ್ಮೆಸ್ಸಿ ಓದಿದ್ದು ಮರದ ಹೊಟ್ಟು ಗುಡಿಸಾಕೇನವ್ವ?" ಎಂದರು ಚಿಕ್ಕಪ್ಪ. ಲೇತು ಮಾರಿ ಆ ಜಾಗದಲ್ಲಿ ಸಿಮೆಂಟಿನ ಅಂಗಡಿ ಹಾಕುವುದು ಅವರ ಆಸೆ. ಮಾತು ಬೆಳೆದು ಬಸವಾಪಟ್ಟಣದ ಸೋದರಮಾವ ನಡುವೆ ಕೂತರು. ಅವರ ತೀರ್ಪು ಇಷ್ಟು: ದಾವಣಗೆರೆಯ ವರ್ತಕನೊಬ್ಬ ಗೌರಿ ಹಬ್ಬಕ್ಕೆಂದು ಕೇಳಿರುವ ಮರದ ಬಟ್ಟಲುಗಳನ್ನು ಹಬ್ಬದೊಳಗೆ ಮಾಡಿಕೊಟ್ಟರೆ ಲೇತು ನನ್ನದು. ಇಲ್ಲವಾದರೆ ಶೆಡ್ಡು ಚಿಕ್ಕಪ್ಪನದು, ನನಗೆ ಗಂಡು ಹುಡುಕುವುದು.

ಬಟ್ಟಲು ಎಂದರೆ ಬಾಗಿನದ ಮೊರದಲ್ಲಿಡುವ ಅರಿಶಿನ ಕುಂಕುಮದ ಬಟ್ಟಲು. ಹಾಲೆಮರದ್ದು, ಬಣ್ಣ ಬಳಿಯದ್ದು. ಹಿಂದಿನ ವರ್ಷ ಚಿಕ್ಕಪ್ಪ ಕಳಿಸಿದ್ದ ಬಟ್ಟಲುಗಳು ಗಂಟು ಕಟ್ಟಿದಂತೆಯೇ ವಾಪಸು ಬಂದಿದ್ದವು. ಕಾರಣ ತಳ. ಕಡೆಯುವಾಗ ಮರದ ತುಂಡನ್ನು ಲೇತಿಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಕೆಲಸ ಮುಗಿದ ಮೇಲೆ ತಳದಲ್ಲಿ ಮೂರು ತೂತು ಉಳಿಯುತ್ತವೆ. ಚಿಕ್ಕಪ್ಪ ಅದಕ್ಕೆ ಮರದ ಪುಡಿ, ಅಂಟು ತುಂಬಿ ತಿಕ್ಕಿಸುತ್ತಿದ್ದರು. "ಯಾರು ಬೋರಲು ಹಾಕಿ ನೋಡ್ತಾರೆ?" ಎನ್ನುತ್ತಿದ್ದರು. ಎಲ್ಲ ಹೆಂಗಸರೂ ನೋಡುತ್ತಾರೆ. ಪಾತ್ರೆ ಕೊಳ್ಳುವಾಗ ಮೊದಲು ಬೋರಲು ಹಾಕುತ್ತಾರೆ, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರೆ. ತೂತು ಮುಚ್ಚಿದ ಬಟ್ಟಲು ಅವರ ಲೆಕ್ಕದಲ್ಲಿ ಭಿನ್ನವಾದದ್ದು, ಒಡೆದದ್ದಕ್ಕೆ ಸಮ. ಮುತ್ತೈದೆಯ ಕೈಗೆ ಅದರಲ್ಲಿ ಕುಂಕುಮ ಕೊಡುವಂತಿಲ್ಲ.

ನನ್ನ ಉಪಾಯ ಹೀಗಿತ್ತು. ತಳವನ್ನು ಒಂದು ಬೆರಳು ದಪ್ಪ ಹೆಚ್ಚಾಗಿಯೇ ಬಿಟ್ಟು, ಸ್ಕ್ರೂಗಳು ಆ ಹೆಚ್ಚಿನ ಮರದಲ್ಲೇ ನಿಲ್ಲುವಂತೆ ಬಿಗಿದು ಒಳಗೆ ಹೊರಗೆ ಕಡೆಯುವುದು. ಆಮೇಲೆ ಬಟ್ಟಲನ್ನು ತಿರುಗಿಸಿ, ಬಾಯಿ ಕಡೆಯಿಂದ ಲೇತಿಗೆ ಹಿಡಿಸಿ, ಆ ಹೆಚ್ಚಿನ ತಳವನ್ನು ತೂತುಗಳ ಸಮೇತ ಕಡೆದು ಹಾಕುವುದು. ಹಿಡಿಸುವುದು ಹೇಗೆ ಎಂಬುದೇ ಕಷ್ಟ. ಮರದ ಗುಳಿಯೊಂದನ್ನು ಅಳತೆಗೆ ಕಡೆದು ಅದರಲ್ಲಿ ಬಟ್ಟಲನ್ನು ಬಿಗಿಯಾಗಿ ಸಿಕ್ಕಿಸುವ ಹಳೆಯ ಕ್ರಮ ಇತ್ತು. ಆದರೆ ಒಂದೊಂದು ಬಟ್ಟಲಿನ ಬಾಯಿ ಒಂದೊಂದು ಅಳತೆ, ತೆಳು ಅಂಚು ಸೀಳುತ್ತಿತ್ತು. ನಾನು ಓದುವಾಗ ಪ್ರಯೋಗಾಲಯದಲ್ಲಿ ಗಾಜಿನ ಬಿಲ್ಲೆಗಳನ್ನು ಉಜ್ಜಲು ಗಾಳಿ ಎಳೆದು ಹಿಡಿಯುವುದನ್ನು ಕಂಡಿದ್ದೆ. ಚಿಕ್ಕವರಿದ್ದಾಗ ಲೋಟವನ್ನು ಬಾಯಿಗಿಟ್ಟು ಉಸಿರು ಎಳೆದರೆ ತುಟಿಗೆ ಕಚ್ಚಿಕೊಳ್ಳುತ್ತಿತ್ತಲ್ಲ, ಅದೇ ತತ್ತ್ವ. ಲೇತಿನ ತಿರುಗುವ ದಂಡ ಟೊಳ್ಳಾಗಿತ್ತು. ಅದರ ಮುಂದಿನ ತುದಿಗೆ ಮರದ ಡಬ್ಬಿ, ಡಬ್ಬಿಯ ಅಂಚಿಗೆ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರು. ಹಿಂದಿನ ತುದಿಗೆ, ದಂಡ ತಿರುಗಿದರೂ ಪೈಪು ತಿರುಗದ ಹಾಗೆ, ಬೇರಿಂಗು ಕೂರಿಸಿ ಅದರಿಂದ ಒಂದು ರಬ್ಬರ್ ಪೈಪು. ಪೈಪಿನ ಆ ಕಡೆಗೆ ಗಾಳಿ ಎಳೆಯುವ ಪಂಪು ಬೇಕು. ಯಾವ ಪಂಪು?

ಹೊನ್ನಾಳಿಯಲ್ಲಿ ಐಸ್‌ಕ್ಯಾಂಡಿ ಪೆಟ್ಟಿಗೆಗಳನ್ನು ರಿಪೇರಿ ಮಾಡುವವನೊಬ್ಬ ಹಳೆಯ ಕಂಪ್ರೆಸರ್ ಇಟ್ಟುಕೊಂಡಿದ್ದ. ಅದರ ಎಳೆಯುವ ಬಾಯಿಗೆ ಎಳೆತ ಅಳೆಯುವ ಗೇಜು ಸಿಕ್ಕಿಸಿ, ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿದ. ಮುಳ್ಳು ಸರ್ರನೆ ಕೊನೆಗೆ ಹೋಗಿ ನಿಂತಿತು.

"ನೋಡ್ರಿ, ಇನ್ನು ಮುಂದಕ್ಕೆ ಹೋಗಾಕೆ ಗೇಜಿನಾಗೆ ಅಂಕಿನೇ ಇಲ್ಲ. ಇದಕ್ಕಿಂತ ಜೋರು ಪಂಪು ಬೇಕಂದ್ರೆ ನೀವು ಬೇರೆ ಲೋಕದಾಗೆ ಹುಡುಕಬೇಕು."

ನಾನು ಆ ಮುಳ್ಳನ್ನು ನಂಬಿದೆ. ಪುಸ್ತಕದಲ್ಲಿ ಓದಿದ ಸೂತ್ರವೂ ಅದನ್ನೇ ಹೇಳುತ್ತಿತ್ತು: ಒತ್ತಡದ ಅಂತರವನ್ನು ಬಾಯಿಯ ವಿಸ್ತಾರದಿಂದ ಗುಣಿಸು, ಹಿಡಿತ ಸಿಗುತ್ತದೆ. ಲೆಕ್ಕ ಹಾಕಿದರೆ ಒಬ್ಬ ಆಳು ಬಟ್ಟಲಿನ ಮೇಲೆ ನಿಂತು ತುಳಿದಷ್ಟು ಹಿಡಿತ ಬರುತ್ತಿತ್ತು.

ಕಂಪ್ರೆಸರ್ ಕೊಂಡು ತಂದು ಹೂಡಿ ಬಟ್ಟಲು ಇಟ್ಟಾಗ ಮುಳ್ಳು ಅರ್ಧಕ್ಕೂ ಏರಲಿಲ್ಲ. ನಮ್ಮ ಮೇಸ್ತ್ರಿ ಗೊಣಗುತ್ತಲೇ ಉಳಿ ಹಿಡಿದ. ಕಡೆಯುವುದರಲ್ಲಿ ಪಳಗಿದ ಕೈ, ಬಾಯಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ನಿಲ್ಲದ್ದು. ಮೊದಲ ಬಟ್ಟಲು ಹೇಗೋ ನಿಂತಿತು. ಎರಡನೆಯದು ಉಳಿ ಮುಟ್ಟಿದ್ದೇ ತಡ ಹಾರಿ ಅವನ ಕೆನ್ನೆಯ ಮೂಳೆಗೆ ಬಡಿಯಿತು. ಕಣ್ಣಿನಿಂದ ಒಂದು ಬೆರಳು ಕೆಳಗೆ. ರಕ್ತ ಬಂತು. ಅವನು ಉಳಿಯನ್ನು ನನ್ನ ಕಾಲ ಬಳಿ ಎಸೆದ.

"ಅಕ್ಕೋರೆ, ಕಣ್ಣು ಹೋಗಿದ್ರೆ ನಿಮ್ಮ ಸೂತ್ರ ಹಾಕಿ ತಿರುಗಿ ಬರಿಸ್ತಿದ್ರಾ? ನಾ ಇದರ ಮುಂದೆ ನಿಲ್ಲಾಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ಒಳಗೂ ಬರಲಿಲ್ಲ. "ಹಾರಾಕೆ ಬಿಡಪ್ಪ. ಓದಿದವರ ಬಟ್ಟಲು, ಹಾರ್ದೆ ಇನ್ನೇನು?" ಎಂದು ಹೋದರು.

ನಾನು ಉದುಬತ್ತಿ ಹಚ್ಚಿಕೊಂಡು ಕೂತೆ. ಡಬ್ಬಿಗೆ ಕಚ್ಚಿದ ಬಟ್ಟಲಿನ ಸುತ್ತ ಹೊಗೆ ಹಿಡಿದು ನೋಡಿದೆ. ರಬ್ಬರಿನ ಅಂಚಿನಲ್ಲಿ ಹೊಗೆ ಅಲುಗಲಿಲ್ಲ. ಬಟ್ಟಲಿನ ಮೈಯಲ್ಲಿ, ಮರದ ಎಳೆಗಳು ಕತ್ತರಿಸಿ ಬಾಯಿ ಬಿಟ್ಟಿರುವ ಎರಡು ಬದಿಯಲ್ಲಿ, ಹೊಗೆ ಮರದೊಳಕ್ಕೇ ಇಳಿದು ಹೋಗುತ್ತಿತ್ತು. ರಿಪೇರಿಯವನ ಹೆಬ್ಬೆರಳಿಗೆ ತೂತಿರಲಿಲ್ಲ, ಮರಕ್ಕಿತ್ತು. ನಾನು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿರಲಿಲ್ಲ. ಬಾವಿಗೆ ಪಂಪು ಕೊಳ್ಳುವಾಗ ಎಷ್ಟು ಆಳದಿಂದ ಎತ್ತುತ್ತದೆ ಎಂಬುದು ಒಂದು ಮಾತು, ಎಷ್ಟು ನೀರು ಕೊಡುತ್ತದೆ ಎಂಬುದು ಇನ್ನೊಂದು ಮಾತು. ಕಂಪ್ರೆಸರ್ ಬಹಳ ಆಳದಿಂದ ಒಂದೊಂದು ಚಮಚೆ ಗಾಳಿ ಎತ್ತುವ ಯಂತ್ರ. ನನಗೆ ಬೇಕಾದದ್ದು ಸೋರುವ ಮರದಿಂದಲೂ ಸೋರಿದ್ದಕ್ಕಿಂತ ಹೆಚ್ಚು ಗಾಳಿಯನ್ನು ಎಡೆಬಿಡದೆ ಎಳೆಯುವ ಪಂಪು. ಗೇಜು ಅರ್ಧಕ್ಕೆ ನಿಂತರೂ ಸಾಕು, ನಿಂತಲ್ಲೇ ನಿಲ್ಲಬೇಕು.

ಅಂಥ ಪಂಪು ಹಾಲು ಕರೆಯುವ ಮಿಷಿನ್ನಿನಲ್ಲಿ ಇರುತ್ತದೆ ಎಂದು ಯಾರೋ ಹೇಳಿದರು. ನ್ಯಾಮತಿ ಬಸ್ಸು ಹತ್ತಿ, ಅಲ್ಲಿಂದ ಗೋವಿನಕೋವಿಗೆ ಹೋದೆ. ಅಲ್ಲಿನ ರೈತರೊಬ್ಬರು ದೊಡ್ಡ ಹುಮ್ಮಸ್ಸಿನಲ್ಲಿ ತರಿಸಿದ್ದ ಮಿಷಿನ್ನು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ಮಲಗಿತ್ತು.

"ನೀವು ಬ್ಯಾಂಕಿನೋರಾ?" ಎಂದರು ಮೊದಲು. ಅಲ್ಲವೆಂದು ಖಾತ್ರಿಯಾದ ಮೇಲೆ, "ಹಸ ಇದನ್ನ ಕಂಡ್ರೆ ಒದೀತಾವೆ. ಮಿಷಿನ್ನಿಗಲ್ಲ, ನನಗೆ," ಎಂದು ಮೊಣಕಾಲು ತೋರಿಸಿದರು.

ಎರಡು ಕೈಯಲ್ಲಿ ಎತ್ತಲಾಗದ ಎರಕದ ಕಬ್ಬಿಣದ ಪಂಪು. ಸ್ವಂತ ಮೋಟಾರಿಲ್ಲ, ಬೆಲ್ಟು ಹಾಕುವ ಚಕ್ರ ಮಾತ್ರ. ಮೇಲಿನ ಕುಡಿಕೆಯಿಂದ ಎಣ್ಣೆ ತೊಟ್ಟಿಕ್ಕಿ ಒಳಗೆ ಹೋಗುತ್ತದೆ, ಹೊರಬಾಯಿಂದ ಹೊಗೆಯ ಹಾಗೆ ಎಣ್ಣೆ ತುಂತುರು ಬರುತ್ತದೆ. ಬಣ್ಣವಿಲ್ಲದ ಬಿಳಿಮರ ಕಡೆಯುವ ಶೆಡ್ಡಿನಲ್ಲಿ ಎಣ್ಣೆ ತುಂತುರು! ಬೇಡವೆಂದೆ.

"ಬ್ಯಾಡ ಅಂದ್ರೆ ಬಸ್ಸಿಗೆ ಕಾಯಾಕೆ ಕಟ್ಟೆ ಅಲ್ಲೈತೆ," ಎಂದು ಗೋಣಿತಾಟು ಎಳೆದು ಮುಚ್ಚಿದರು.

ಮನಸ್ಸಿಗೆ ಹಿಡಿಸಿದ ಪಂಪು ಜಗಳೂರಿನಲ್ಲಿ ಸಿಕ್ಕಿತು. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವರೊಬ್ಬರು ಹಳೆಯ ಯಂತ್ರವನ್ನು ಬಿಚ್ಚಿ ಮಾರುತ್ತಿದ್ದರು. ಕಾಗದದ ಹಾಳೆಯನ್ನು ಗಾಳಿಯಿಂದ ಎತ್ತಿ ಕೊಡುವ ಪಂಪು ಅದರಲ್ಲಿತ್ತು. ಒಳಗೆ ಸೀಳುಗಳಲ್ಲಿ ಜಾರುತ್ತ ಗಾಳಿ ತಳ್ಳುವ ಇದ್ದಿಲಿನ ತೆಳು ಹಲಗೆಗಳು, ಎಣ್ಣೆಯೇ ಬೇಡ, ಸ್ವಂತ ಮೋಟಾರು, ಒಂದು ಮಗುವಿನಷ್ಟು ತೂಕ.

"ಅಚ್ಚಿನ ಪಂಪು ತಗೊಂಡು ಹೆಂಗಸರು ಏನ್ ಮಾಡ್ತೀರಿ?"

"ಬಟ್ಟಲು ಹಿಡೀತೀನಿ."

"ಕೈಯಾಗೆ ಹಿಡಿಯಾಕೆ ಬರಲ್ಲೇನ್ರಿ ನಿಮ್ಮೂರಾಗೆ?"

ತಂದು ಹೂಡಿದೆ. ಹೊಟ್ಟು ಒಳಗೆ ಹೋಗದಂತೆ ಪಂಪಿನ ಬಾಯಿಗೆ ಎರಡು ಪದರ ಬಟ್ಟೆಯ ಸೋಸುಚೀಲ ಕಟ್ಟಿದೆ. ಬಟ್ಟಲು ಕಚ್ಚಿದಾಗ ಮುಳ್ಳು ಅರ್ಧದಲ್ಲಿ ನಿಂತಿತು, ಅಲ್ಲಾಡಲಿಲ್ಲ. ಮೇಸ್ತ್ರಿ ತನ್ನ ಕೆನ್ನೆ ಸವರಿಕೊಂಡು, ಓರೆಯಾಗಿ ನಿಂತು, ಒಂದು ತಳ ಕಡೆದ. ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಎದುರಿಗೇ ನಿಂತಿದ್ದ. ಚಿಕ್ಕಪ್ಪ ಬಂದು ಡಬ್ಬಿಯ ಬಾಯಿಗೆ ಅಂಗೈ ಒತ್ತಿದರು. ಕಿತ್ತುಕೊಳ್ಳಲು ಎರಡು ಸಲ ಜಗ್ಗಬೇಕಾಯಿತು. "ಹಿಡಿದ್ರೆ ಬಿಡಲ್ಲ ಕಣೇ ಇದು, ನಿನ್ನಂಗೆ," ಎಂದು ಕೆಂಪಾದ ಅಂಗೈ ನೋಡಿಕೊಂಡರು.

ಒಂದು ಕೊರತೆ ಇತ್ತು. ಕರೆಂಟು ಹೋದರೆ ಪಂಪು ತಕ್ಷಣ ಸಾಯುತ್ತಿತ್ತು, ಭಾರದ ಶಾಫ್ಟು ಮಾತ್ರ ತಿರುಗುತ್ತಲೇ ಇರುತ್ತಿತ್ತು. ಒಮ್ಮೆ ಹಾಗೆ ಕಳಚಿದ ಬಟ್ಟಲನ್ನು ಮೇಸ್ತ್ರಿ ಎದೆಗೆ ಅವುಚಿಕೊಂಡು ನನ್ನ ವಂಶವನ್ನೆಲ್ಲ ನೆನೆದ. ಕರೆಂಟು ತೆಗೆಯುವ ಹೊತ್ತು ಹೆಚ್ಚುಕಡಿಮೆ ಗೊತ್ತಿದ್ದುದರಿಂದ ಆ ಹೊತ್ತು ಬಿಟ್ಟು ಕೆಲಸ ಮಾಡಿದೆವು. ಕೆಲಸ ನಿಧಾನವಾದರೂ ತಳಗಳು ಒಂದೊಂದಾಗಿ ಮುಗಿಯುತ್ತಿದ್ದವು.

ಆಷಾಢದ ಅಮಾವಾಸ್ಯೆ ಬಂತು. ಅವತ್ತು ಶೆಡ್ಡಿಗೆ ರಜ. ಮೇಸ್ತ್ರಿ ಹಿಂದಿನ ಸಂಜೆಯೇ ಎಲ್ಲ ಗುಡಿಸಿ, ಸೋಸುಚೀಲ ಒಗೆದು ಹಗ್ಗಕ್ಕೆ ಹಾಕಿ ಊರಿಗೆ ಹೋಗಿದ್ದ. ಬೆಳಿಗ್ಗೆ ಚಿಕ್ಕಪ್ಪ ಸ್ನಾನ ಮಾಡಿ, ತಟ್ಟೆಯಲ್ಲಿ ವಿಭೂತಿ ಹಿಡಿದು, ಎಂದಿನಂತೆ ಮಿಷಿನ್ನುಗಳಿಗೆಲ್ಲ ಇಟ್ಟು ಹೋದರು. ಮರುದಿನ ಮೇಸ್ತ್ರಿ ಚೀಲ ಕಟ್ಟಿ ಸ್ವಿಚ್ಚು ಹಾಕಿದಾಗ ಪಂಪು ಕಿರ್ರೆಂದು ಕಿರುಚಿ ನಿಂತುಬಿಟ್ಟಿತು.

ಬಿಚ್ಚಿದೆ. ಇದ್ದಿಲ ಹಲಗೆಯೊಂದು ಮುರಿದು ಅಡ್ಡ ಸಿಕ್ಕಿತ್ತು. ಹಲಗೆ ಜಾರುವ ಸೀಳುಗಳಲ್ಲಿ ಬೂದಿ. ಇದ್ದಿಲ ಪುಡಿಯೊಂದಿಗೆ ಕಲೆತು ಬೂದು ಬಣ್ಣದ ಹಿಟ್ಟಾಗಿ ಹೊರಬಾಯಿಯ ತನಕ ಮೆತ್ತಿತ್ತು. ಮೂಸಿದರೆ ವಿಭೂತಿಯ ವಾಸನೆ.

"ಚಿಕ್ಕಪ್ಪ, ಪಂಪಿನ ಬಾಯಿಗೆ ವಿಭೂತಿ ಇಟ್ರಾ?"

"ಎಲ್ಲಾದಕ್ಕೂ ಇಟ್ಟಂಗೆ ಅದಕ್ಕೂ ಇಟ್ಟೆ. ದೇವರ ಬೂದಿ ಕಣವ್ವ, ವಿಷ ಅಲ್ಲ."

"ಬಾಯಿಗೇ ಯಾಕೆ?"

"ಅದಕ್ಕೆ ಹಣೆ ಯಾವುದು ಬಾಯಿ ಯಾವುದು ಅಂತ ನೀನು ಬರೆದು ತೋರಿಸಿದ್ದೆಯಾ?"

ನ್ಯಾಯವಾಗಿ ಹೇಳಬೇಕು. ಅವರು ಎಲ್ಲದಕ್ಕೂ ವಿಭೂತಿ ಇಡುವವರೇ. ಹೊಸ ಸೈಕಲ್ಲಿಗೆ, ಗೇಟಿಗೆ, ಕರೆಂಟಿನ ಮೀಟರಿಗೆ, ಒಮ್ಮೆ ಅಂಚೆಯವನ ಚೀಲಕ್ಕೆ ಇಟ್ಟಿದ್ದನ್ನೂ ಕಂಡಿದ್ದೇನೆ. ನಿಂತ ಪಂಪಿನ ದುಂಡು ಬಾಯಿಯ ಸುತ್ತ ಮೂರು ಬೆರಳು ಎಳೆದಿದ್ದರೆ ಅದು ಅವರ ಭಕ್ತಿ. ಮರುದಿನ ಸ್ವಿಚ್ಚು ಹಾಕಿದಾಗ ಬೂದಿ ಒಳಗೆ ಹೋಗಿರುತ್ತದೆ. ಬೇಕೆಂದೇ ಪಂಪು ಓಡಿಸಿ ಅದರ ಬಾಯಿಗೆ ಬೂದಿ ಹಿಡಿದಿದ್ದರೆ ಅದು ಬೇರೆ. ಅದರ ಎಳೆತ ಎಂಥದ್ದೆಂದು ಅವರ ಅಂಗೈಗೆ ಗೊತ್ತಿತ್ತು. ಒಳಗೆ ಸಿಕ್ಕಿದ ಬೂದಿ ಒಂದು ಚಿಟಿಕೆಯೋ ಒಂದು ಹಿಡಿಯೋ ಎಂದು ಹೇಳಲು ಇದ್ದಿಲು ಬಿಡಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ನಾನು ಅಡಿಗೆಮನೆಯಲ್ಲಿದ್ದಾಗ ಪಂಪಿನ ಸದ್ದು ಕೇಳಿದ ನೆನಪು ನನಗಿದೆ. ಆದರೆ ಹಿಂದಿನ ಬೀದಿಯ ಹಿಟ್ಟಿನ ಗಿರಣಿಯ ಸದ್ದೂ ಹಾಗೆಯೇ ಇತ್ತು. ದಿನಚರಿಯಲ್ಲಿ ಇರುವುದು ಇಷ್ಟೇ: "ಅಮಾವಾಸ್ಯೆ. ರಜ. ಹೋಳಿಗೆ ಸೀದಿತು." ಸದ್ದು ನಾನು ಅವತ್ತು ಕೇಳಿದ್ದೋ, ಬೂದಿ ಕಂಡ ಮೇಲೆ ಕೇಳಿಸಿಕೊಂಡದ್ದೋ, ಆಣೆ ಮಾಡಿ ಹೇಳಲಾರೆ.

ಹಬ್ಬ ಹತ್ತಿರ ಬರುತ್ತಿತ್ತು. ಮುರಿದ ಹಲಗೆಯನ್ನು ಕಾಗದದಲ್ಲಿ ಸುತ್ತಿಕೊಂಡು ಜಗಳೂರಿಗೆ ಹೋದೆ. ಪ್ರೆಸ್ಸಿನವರು ಅದನ್ನು ಮೇಜಿನ ಮೇಲೆ ಹರವಿ, ಬೆರಳಿಗೆ ಹತ್ತಿದ ಬೂದಿ ನೋಡಿದರು.

"ಬೂದಿ ತಿನ್ನಿಸಿದ್ರೇನ್ರೀ ಇದಕ್ಕೆ? ಕಾಗದ ಮುಟ್ಟೋ ಮಿಷಿನ್ನಿದು, ಸನ್ಯಾಸಿ ಅಲ್ಲ. ಈ ಹಲಗೆ ಬೇಕಂದ್ರೆ ಮದ್ರಾಸಿಗೆ ಬರೀಬೇಕು. ಅವರು ಉತ್ತರ ಬರೆಯೋ ಹೊತ್ತಿಗೆ ನಿಮ್ಮ ಗೌರಿ ನೀರಿಗೆ ಹೋಗಿರ್ತಾಳೆ."

ವಾಪಸು ಬರುವ ಬಸ್ಸಿನಲ್ಲಿ ಒಂದು ಮಾತು ಒಪ್ಪಿಕೊಂಡೆ. ನಾನು ಪಂಪು ಆರಿಸಿದ್ದು ನನ್ನ ಕಣ್ಣಿಗೆ. ಚೊಕ್ಕಟ, ಹಗುರ, ಪ್ರಯೋಗಾಲಯದ ವಸ್ತುವಿನ ಹಾಗೆ ಇತ್ತು. ನಮ್ಮ ಶೆಡ್ಡು ಪ್ರಯೋಗಾಲಯವಲ್ಲ. ಅಲ್ಲಿ ಹೊಟ್ಟು ಇರುತ್ತದೆ, ಬೂದಿ ಇರುತ್ತದೆ, ಹೇಳದೆ ಕರೆಂಟು ಹೋಗುತ್ತದೆ, ಚಿಕ್ಕಪ್ಪ ಇರುತ್ತಾರೆ. ಇವೆಲ್ಲವನ್ನೂ ನುಂಗಿ ಓಡುವ ಪಂಪು ಬೇಕು. ಸ್ವಂತ ಮೋಟಾರಿಲ್ಲ ಎಂದು ನಾನು ತಳ್ಳಿಹಾಕಿದ್ದ ಪಂಪನ್ನು ಲೇತು ತಿರುಗಿಸುವ ಶಾಫ್ಟಿಗೇ ಬೆಲ್ಟು ಹಾಕಿ ಓಡಿಸಬಹುದಲ್ಲ! ಆಗ ಕರೆಂಟು ಹೋದರೂ ಲೇತು ತಿರುಗುವಷ್ಟು ಹೊತ್ತು ಪಂಪೂ ತಿರುಗುತ್ತದೆ.

ಗೋವಿನಕೋವಿಯ ರೈತರು ನನ್ನನ್ನು ಕಂಡು ಎದ್ದೇಳಲೂ ಇಲ್ಲ. "ಅವತ್ತು ಎಣ್ಣೆ ಉಗುಳ್ತೈತೆ ಅಂದ್ರಿ. ಇವತ್ತು ಪನ್ನೀರು ಉಗುಳ್ತೈತಾ?"

"ಎಣ್ಣೇನೇ ಉಗುಳಲಿ. ಕೊಡ್ರಿ."

"ಹಸ ಒದ್ದ ಮಾಲು, ನೆನಪಿರಲಿ. ತಿರುಗಿ ತಂದ್ರೆ ನಾನೂ ಒದೀತೀನಿ."

ಪಂಪನ್ನು ಗೋಡೆಯ ಬುಡದಲ್ಲಿ ಕಲ್ಲಿನ ಮೇಲೆ ಕೂರಿಸಿದೆ. ಅದರ ಹೊರಬಾಯಿಗೆ ಪೈಪು ಹಾಕಿ ಗೋಡೆ ಕೊರೆದು ಎಣ್ಣೆ ತುಂತುರನ್ನು ಹಿತ್ತಿಲಿಗೆ ಬಿಟ್ಟೆ. ಒಳಬಾಯಿಗೆ ಗುಜರಿಯಿಂದ ತಂದ ಟ್ರ್ಯಾಕ್ಟರಿನ ಗಾಳಿ ಸೋಸುವ ಡಬ್ಬಿ. ಅದರ ತಳದಲ್ಲಿ ಎಣ್ಣೆ ನಿಂತಿರುತ್ತದೆ. ಉಳುವ ಹೊಲದ ಧೂಳನ್ನೇ ಹಿಡಿದಿಟ್ಟುಕೊಳ್ಳುವಂಥದ್ದು. ಬಾಯಿ ಕಾಣದಂತೆ ಅದಕ್ಕೆ ತಗಡಿನ ಗೂಡು ಮಾಡಿಸಿ ಬೀಗ ಹಾಕಿದೆ. ಬೀಗ ಕಂಡು ಮೇಸ್ತ್ರಿ ನಕ್ಕ. ನಾನು ನಗಲಿಲ್ಲ.

"ಮುಳ್ಳು ನಿಲ್ತೈತೆ, ಸರಿ," ಎಂದ ಅವನು. "ಕರೆಂಟು ಹೋದ್ರೆ? ಈ ಸಲ ನಾನು ನಿಲ್ಲಲ್ಲ. ನಿಮ್ಮ ಪಂಪು, ನೀವೇ ನಿಂತು ತೋರಿಸ್ರಿ."

ನಿಂತೆ. ಬಟ್ಟಲನ್ನು ಡಬ್ಬಿಗೆ ಕಚ್ಚಿಸಿ ಲೇತು ಓಡಿಸಿದೆ. ಅವನು ನಿಂತು ಏಟು ತಿಂದ ಜಾಗದಲ್ಲೇ, ಮುಖವನ್ನು ಅದೇ ಎತ್ತರಕ್ಕಿಟ್ಟು, "ಮೇನ್ ಸ್ವಿಚ್ ಎಳಿ" ಎಂದೆ. ಎಳೆದ. ಮೋಟಾರಿನ ಸದ್ದು ಸತ್ತಿತು. ಶಾಫ್ಟು ತನ್ನ ಭಾರಕ್ಕೆ ಸುತ್ತುತ್ತಲೇ ಇತ್ತು, ಅದರೊಂದಿಗೆ ಪಂಪಿನ ಚಕ್ರವೂ. ಬಟ್ಟಲು ಮಸುಕಾಗಿ ಸುತ್ತುತ್ತಿದ್ದದ್ದು ಮೆಲ್ಲಗೆ ಬಟ್ಟಲಿನ ಆಕಾರ ತಾಳಿತು, ಆಮೇಲೆ ಅದರ ಮರದ ಗೆರೆಗಳು ಕಂಡವು, ಆಮೇಲೆ ನಿಂತಿತು. ನಿಂತ ಮೇಲೆ ಮುಳ್ಳು ಇಳಿಯತೊಡಗಿತು. ನಾನು ಕೈ ಒಡ್ಡಿದೆ. ಬಟ್ಟಲು ತಾನಾಗಿ ಅಂಗೈಗೆ ಬಿತ್ತು. ಮೇಸ್ತ್ರಿ ಉಳಿ ಮಸೆಯಲು ಕೂತ.

ಕರೆಂಟಿನ ಹೊತ್ತು ನೋಡುವ ಕಷ್ಟ ತಪ್ಪಿದ್ದರಿಂದ ಬಟ್ಟಲುಗಳು ಹಬ್ಬಕ್ಕೆ ಮೊದಲೇ ಮುಗಿದವು. ದಾವಣಗೆರೆಯ ವರ್ತಕ ಅವನ್ನು ಒಂದೊಂದಾಗಿ ಬೋರಲು ಹಾಕಿ, ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಒಳಗಿಟ್ಟುಕೊಂಡ. ಹೊಗಳಲಿಲ್ಲ, ತಿರುಗಿಯೂ ಕಳಿಸಲಿಲ್ಲ. ಸೋದರಮಾವ ಬಂದು, ಆಡಿದ ಮಾತಿನಂತೆ ಲೇತು ನನ್ನದು ಎಂದರು. ಚಿಕ್ಕಪ್ಪ ಅವರೆದುರು ಎಲೆಅಡಿಕೆ ಮಡಿಸುತ್ತ, "ಆಗಲಿ. ಯಾರಿಂದ ಆತು ಅಂತ ತಿಳ್ಕೊಂಡ್ರೆ ಸಾಕು. ಆ ಪಂಪು ಕೆಟ್ಟಿದ್ದಕ್ಕೇ ಈ ಪಂಪು ಬಂತು. ನಾನಿಟ್ಟ ವಿಭೂತಿ ಫಲ ಕೊಟ್ತು," ಎಂದರು. ಮಾವ ತಲೆದೂಗಿದರು. ನಾನು ಸೋತವಳ ಹಾಗೆ ಕೂತಿದ್ದೆ.

ಮುಂದಿನ ಅಮಾವಾಸ್ಯೆಗೂ ಅವರು ತಟ್ಟೆ ಹಿಡಿದು ಬಂದರು. ಲೇತಿಗೆ ಇಟ್ಟರು, ಗರಗಸಕ್ಕೆ ಇಟ್ಟರು. ಪಂಪಿನ ಮುಂದೆ ಬಂದು, ಮೂರು ಬೆರಳು ಬೂದಿಯಲ್ಲಿ ಅದ್ದಿ, ಎಲ್ಲಿಡುವುದೆಂದು ಹುಡುಕುತ್ತ ನಿಂತರು. ಶೆಡ್ಡಿನಲ್ಲಿ ನಾವಿಬ್ಬರೇ. ಸಿಟ್ಟಿನಿಂದ ಕೇಳಬಾರದೆಂದು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆನೋ, ಹಾಗೆಯೇ ಮೆಲ್ಲಗೆ ಕೇಳಿದೆ.

"ಚಿಕ್ಕಪ್ಪ, ಅವತ್ತು ನೀವು ಇಡೋವಾಗ ಪಂಪು ನಿಂತಿತ್ತಾ, ಓಡ್ತಿತ್ತಾ?"

ಅವರು ನನ್ನ ಕಡೆ ತಿರುಗಲಿಲ್ಲ. ವಿಭೂತಿ ಹತ್ತಿದ ಬೆರಳನ್ನು ಅವರು ಎಂದೂ ತೊಳೆದವರಲ್ಲ, ಉಳಿದದ್ದನ್ನು ಕುತ್ತಿಗೆಗೋ ತೋಳಿಗೋ ಒರೆಸಿಕೊಳ್ಳುತ್ತಿದ್ದರು. ಅವತ್ತು ತಟ್ಟೆಯನ್ನು ಲೇತಿನ ಮೇಲಿಟ್ಟು, "ತಡಿ, ಕೈ ತೊಳಕೊಂಡು ಬರ್ತೀನಿ," ಎಂದು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದರು. ಆಮೇಲೆ ಅವರು ನನ್ನನ್ನು ಮದುವೆ ಮನೆಗಳಲ್ಲಿ ಮಾತಾಡಿಸಿದ್ದಾರೆ, ನನ್ನ ಮನೆಯ ಊಟ ಉಂಡಿದ್ದಾರೆ. ಶೆಡ್ಡಿಗೆ ಮಾತ್ರ ಇನ್ನೂ ಕೈ ತೊಳೆದುಕೊಂಡು ಬಂದಿಲ್ಲ.